ಗೂಟಕ್ಕೆ ಸಿಕ್ಕಿಸಿದ ಟೋಪಿ

ಸಿನಿಮಾ ಬಲ್ಲವರು ಬೇಕಾದಷ್ಟು ಜನ ಇರುವಾಗ ಇದನ್ನು ಹೇಳಹೊರಟಿರುವುದು ಅಧಿಕಪ್ರಸಂಗವೇ ಸರಿ, ಕ್ಷಮೆಯಿರಲಿ. ಎರಡು ಸಿನಿಮಾಗಳ ವಿಷಯದಲ್ಲಿ ಏನಾದರೂ ತಪ್ಪು ನುಸುಳಿದರೆ ಅದು ಹೇಳುವವರದೇ ಹೊರತು ಹಲ್ಲಣ್ಣನದಲ್ಲ. ಸಿನಿಮಾ ವಿಷಯದಲ್ಲಿ ಅವನು ತಪ್ಪಿದವನೇ ಅಲ್ಲ. ತಪ್ಪಿದ್ದು ಬೇರೆ ಕಡೆ.

ಹಲ್ಲಣ್ಣ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ತಯಾರಿಸುವವನು. ವಯಸ್ಸು ಐವತ್ತರ ಹತ್ತಿರ, ಮದುವೆಯಿಲ್ಲ, ವಾಸ ಅಕ್ಕನ ಜೊತೆ. ಕಿಟಕಿ ಪರದೆಗಳ ಅಂಗಡಿಯ ಮಹಡಿಯಲ್ಲಿ ವಾರಕ್ಕೊಂದು ಸಂಜೆ ಸೇರುವ ಸಿನಿಮಾ ಕೂಟಕ್ಕೆ ಅವನೇ ಯಜಮಾನನಿದ್ದ ಹಾಗೆ. ಕೂಟದ ಬಿಳಿ ಪರದೆಯನ್ನು ಹೊಲಿದುಕೊಟ್ಟವಳು ಅಂಗಡಿಯಾಕೆ. ಗಂಡ ತೀರಿಹೋದ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಊರೆಲ್ಲ ಅವನನ್ನು ಹಲ್ಲಣ್ಣ ಎಂದರೂ ಆಕೆ ಮಾತ್ರ ಅಣ್ಣನನ್ನು ಬಿಟ್ಟು 'ಹಲ್ಲಿನವರೇ' ಎನ್ನುತ್ತಿದ್ದಳು. ಹಾಗೆ ಬಿಟ್ಟುಹೋದ ಅಣ್ಣನ ಮೇಲೆಯೇ ಅವನು ಆಸೆಯ ಗೋಪುರ ಕಟ್ಟಿದ್ದ.

ಈಗ ಆ ಗೋಪುರ ಅಲುಗಾಡತೊಡಗಿತ್ತು. ಅಂಗಡಿ ಮುಚ್ಚಿ ತನ್ನ ಊರಿಗೆ ಬಂದುಬಿಡು ಎಂದು ಮಗಳು ಆಕೆಯ ದುಂಬಾಲು ಬಿದ್ದಿದ್ದಳು. ತಿಂಗಳು ಮುಗಿಯುವುದರೊಳಗೆ ಹೇಳುತ್ತೇನೆ ಎಂದು ಆಕೆ ಮಾತು ಕೊಟ್ಟಿದ್ದಳು. ಅಷ್ಟರೊಳಗೆ ಹಲ್ಲಣ್ಣ ಕೇಳಬೇಕು, ಇಲ್ಲವೇ ಜನ್ಮದಲ್ಲಿ ಕೇಳುವ ಹಾಗಿಲ್ಲ.

ಕೂಟದಲ್ಲಿ ಆಗ ಹಾಲಿವುಡ್‌ನ ಒಂದು ಹಳೇ ಸಿನಿಮಾ ಮತ್ತು ಅದನ್ನೇ ಹಾಡು ಕುಣಿತ ತುಂಬಿ ಮತ್ತೆ ತೆಗೆದ ಹೊಸ ಸಿನಿಮಾ ನಡೆಯುತ್ತಿದ್ದವು. ಒಂದು ವಾರ ಹಳೇದು, ಮರುವಾರ ಹೊಸದು. ಕೊನೆಗೆ ಎರಡರಲ್ಲೂ ಇರುವ ಒಂದೇ ದೃಶ್ಯವನ್ನು ಒಂದರ ಹಿಂದೊಂದು ಹಾಕಿ ಜಗಳವಾಡುವುದು ಅಲ್ಲಿಯ ರಿವಾಜು.

ಹಳೇದು ಕಪ್ಪು-ಬಿಳುಪು. ನಾಯಕ ದೋಣಿಗಟ್ಟೆಯಲ್ಲಿ ಟಿಕೆಟ್ ಹರಿಯುವವನು. ಒಬ್ಬ ವಿಧವೆಯ ಮನೆಗೆ ವರ್ಷಗಟ್ಟಲೆ ಬಂದು ಹೋಗುತ್ತಾನೆ, ಟೋಪಿಯನ್ನು ಮಾತ್ರ ಮಂಡಿಯ ಮೇಲೇ ಇಟ್ಟುಕೊಳ್ಳುತ್ತಾನೆ. ಕೊನೆಗೊಂದು ಸಂಜೆ ಎದ್ದು, ಸತ್ತ ಗಂಡನ ಖಾಲಿ ಗೂಟಕ್ಕೆ ಅದನ್ನು ಸಿಕ್ಕಿಸುತ್ತಾನೆ. ಅವಳು ನೋಡುತ್ತಾಳೆ. ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಿಡುತ್ತಾಳೆ. ಮುಗಿಯಿತು. ಕೇಳುವುದು ಗೋಡೆ ಗಡಿಯಾರದ ಸದ್ದೊಂದೇ.

ಹೊಸದರಲ್ಲಿ ಅದೇ ನಾಯಕ ಅದೇ ಟೋಪಿಯನ್ನು ಹಿಡಿದು ಮೇಜಿನ ಮೇಲೆ ಹತ್ತುತ್ತಾನೆ. ಕಿಟಕಿಗಳಿಂದ ಹಮಾಲರು ಒಳಗೆ ಧುಮುಕುತ್ತಾರೆ. ಪೊಲೀಸಿನವನು ಸೊಂಟ ತಿರುಗಿಸುತ್ತಾನೆ. ಹೊರಗೆ ಗಾಡಿಗೆ ಕಟ್ಟಿದ ಕುದುರೆ ಕೂಡ ತಾಳಕ್ಕೆ ತಲೆಯಾಡಿಸುತ್ತದೆ.

"ಇದು ಗಂಡ ಸತ್ತವಳ ಮನೆಯೋ ಸರ್ಕಸ್ ಡೇರೆಯೋ?" ಎಂದು ಹಲ್ಲಣ್ಣ ಎದ್ದು ನಿಂತ. "ಆ ಹಮಾಲರಿಗೆಲ್ಲ ಕೂಲಿ ಇಲ್ವಾ? ಯಾರದೋ ಮನೆ ಮದುವೆ ಮಾತಿಗೆ ಇವರು ಯಾಕೆ ಬೆವರು ಸುರಿಸಬೇಕು? ಇಡೀ ಸಿನಿಮಾದಲ್ಲಿ ಅಳತೆ ಮೀರದ ಪ್ರಾಣಿ ಅಂದ್ರೆ ಆ ಕುದುರೆ ಒಂದೇ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಸಾಲಿನಿಂದ ಅಂಗಡಿಯಾಕೆ, "ಹಾಡು ಉದ್ದ ಆಯ್ತು, ಒಪ್ಪಿದೆ ಹಲ್ಲಿನವರೇ. ಆದ್ರೆ ಅವನಿಗೆ ಏನು ಬೇಕು ಅಂತ ಅವಳಿಗೆ ಸ್ಪಷ್ಟವಾಗಿ ಗೊತ್ತಾಯ್ತಲ್ಲ?" ಎಂದಳು.

"ಹಳೇದರಲ್ಲೂ ಗೊತ್ತಾಗುತ್ತೆ. ಗೊತ್ತಾಗಬೇಕಾದವರಿಗೆ."

ಮತ್ತೆ ನಗು. ಆಕೆ ಕುರ್ಚಿ ಮಡಚತೊಡಗಿದಳು. ಗೆದ್ದೆ ಎಂದುಕೊಂಡು ಹಲ್ಲಣ್ಣ ಬೀಗಿದ.

ಮನೆಯಲ್ಲಿ ಅಕ್ಕ ಕಾದಿದ್ದಳು. "ಕೇಳಿದ್ಯೇನೋ?"

"ಕೇಳೋದೇನು ಬಂತಕ್ಕ. ತಿಳಿಯೋ ಹಾಗೆ ಮಾಡ್ತೀನಿ."

"ಊರವರ ಬಾಯಿಗೆಲ್ಲ ಹಲ್ಲು ಕಟ್ತೀಯ, ನಿನ್ನ ಬಾಯಿಗೇನೋ ಧಾಡಿ? 'ನನ್ನ ಮದುವೆ ಆಗ್ತೀಯಾ' ಅನ್ನೋದಕ್ಕೆ ಎಷ್ಟು ಹಲ್ಲು ಬೇಕು?"

ಹಾಗೆ ಬಾಯಿಬಿಟ್ಟು ಕೇಳುವುದೆಂದರೆ ಹಲ್ಲಣ್ಣನ ಲೆಕ್ಕದಲ್ಲಿ ಹಮಾಲರನ್ನು ಕಿಟಕಿಯಿಂದ ಒಳಗೆ ಕರೆದ ಹಾಗೆಯೇ.

ಮರುದಿನ ಅವನು ಹೊಸ ಉಣ್ಣೆ ಟೋಪಿಯೊಂದನ್ನು ಕೊಂಡ. ಮಧ್ಯಾಹ್ನ ಪರದೆ ಅಂಗಡಿಗೆ ಹೋದ. ಬಟ್ಟೆ ಕತ್ತರಿಸುವ ಮೇಜಿನ ಹಿಂದಿನ ಗೋಡೆಯಲ್ಲಿ ಮರದ ಗೂಟವೊಂದಿತ್ತು. ಆಕೆಯ ಗಂಡ ಅಳತೆ ಟೇಪನ್ನು ನೇತುಹಾಕುತ್ತಿದ್ದುದು ಅದಕ್ಕೇ; ಈಗ ಅದು ಖಾಲಿ. ಆಕೆ ಫೋನಿನಲ್ಲಿ ಯಾರ ಜೊತೆಯೋ ಕಿಟಕಿಯ ಅಗಲದ ಬಗ್ಗೆ ವಾದಿಸುತ್ತಿದ್ದಳು. ಹಲ್ಲಣ್ಣ ನಿಧಾನವಾಗಿ, ಥೇಟ್ ಆ ನಾಯಕನ ಹಾಗೆ, ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿ ತಿರುಗಿ ನಿಂತ. ಆಕೆ ಟೋಪಿಯನ್ನು ನೋಡಿದಳು, ಅವನನ್ನೂ ನೋಡಿದಳು. ಫೋನಿಗೆ ಕೈ ಅಡ್ಡ ಇಟ್ಟು, "ಬಿಸಿಲು ಜೋರಾಗಿದೆ, ಹುಷಾರು" ಎಂದಳು.

ಅಷ್ಟು ಸಾಕಾಯಿತು ಮಹಾರಾಯನಿಗೆ. ಎಂಥ ಸಂಯಮ! ಯಾವ ಕಥೆ ಬರೆಯುವವನಿಗೆ ಹೊಳೆದೀತು ಇಂಥ ಮಾತು! ಬೋಳು ತಲೆಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಅವನು ಮದುವಣಿಗನ ಹಾಗೆ ನಡೆದುಕೊಂಡು ಮನೆಗೆ ಬಂದ. ಅಕ್ಕನಿಗೆ ವಿಷಯ ತಿಳಿಸಿದ. ಅಕ್ಕ ಹಣೆ ಚಚ್ಚಿಕೊಂಡಳು.

ಮಾರನೆಯ ಬೆಳಿಗ್ಗೆ ಅವನು ತಿರುಗುವ ಬ್ರಷ್ಷಿಗೆ ಹಲ್ಲಿನ ಸೆಟ್ಟೊಂದನ್ನು ಹಿಡಿದು ಪಾಲಿಶ್ ಮಾಡುತ್ತಿದ್ದಾಗ ಅಂಗಡಿಯಾಕೆ ಒಳಗೆ ಬಂದಳು. ಕೈಯಲ್ಲಿ ಟೋಪಿ. ಮುಷ್ಟಿಯಷ್ಟಾಗಿತ್ತು.

"ನಿನ್ನೆ ಮರೆತುಬಿಟ್ರಿ," ಎಂದಳು ಆಕೆ. "ಗೂಟದಲ್ಲಿ ಧೂಳಿತ್ತು, ಇದಕ್ಕೂ ಹತ್ತಿತ್ತು. ಪರದೆಗಳ ಜೊತೆ ಒಗೆಯೋ ಮಷಿನ್ನಿಗೆ ಹಾಕಿದೆ, ಕುಗ್ಗಿಹೋಯ್ತು. ಬೇಜಾರು ಮಾಡ್ಕೋಬೇಡಿ."

ಹಲ್ಲಣ್ಣನಿಗೆ ರೇಗಿತು. "ಮರೆತಿದ್ದಾ? ಆ ಸಿನಿಮಾ ನೋಡುವಾಗ ನಿದ್ದೆ ಮಾಡ್ತಿದ್ರಾ ನೀವು?"

"ಕಣ್ಣು ಬಿಟ್ಕೊಂಡೇ ನೋಡಿದೆ. ಆ ಹೆಂಗಸಿಗೆ ಅರ್ಥ ಆಗಿದ್ದು ಯಾಕೆ ಹೇಳಿ? ಅರ್ಥ ಮಾಡ್ಕೋ ಅಂತ ಯಾರೋ ಬರೆದುಕೊಟ್ಟಿದ್ರು. ನನಗ್ಯಾರು ಬರೆದುಕೊಟ್ಟಿದ್ದಾರೆ? ಅವಳು ತಟ್ಟೆ ತಂದಿಡದೆ ಟೋಪಿ ಒಗೆಯೋಕೆ ಹಾಕಿದ್ರೆ ನಿಮ್ಮ ಹೀರೋ ಏನು ಮಾಡ್ತಿದ್ದ?" ಆಕೆ ಬಾಗಿಲ ಕಡೆ ತಿರುಗಿದಳು. "ಇವತ್ತು ಮಗಳಿಗೆ ಫೋನ್ ಮಾಡ್ಬೇಕು, ಬರ್ತೀನಿ."

ಹಲ್ಲಣ್ಣ ತಟ್ಟನೆ ಎದ್ದ. ಬ್ರಷ್ಷಿನ ಮೋಟಾರು ನಿಲ್ಲಿಸಬೇಕೆಂಬುದೂ ಹೊಳೆಯಲಿಲ್ಲ. ಅದರ ಗದ್ದಲವನ್ನು ಮೀರಿಸಿ ಕಿರುಚಿದ: "ಹೋಗ್ಬೇಡಿ! ನನ್ನನ್ನ ಮದುವೆ ಆಗಿ!"

ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲಿಗೆ ಮುತ್ತಿದರು. ಒಬ್ಬನ ದವಡೆ ಬಾತಿತ್ತು, ಒಬ್ಬಳ ಬಾಯಲ್ಲಿ ಹತ್ತಿಯಿತ್ತು. ಮರಗಟ್ಟಿಸುವ ಸೂಜಿ ಚುಚ್ಚಿಸಿಕೊಂಡ ಮುದುಕರೊಬ್ಬರು ಅರ್ಧ ಬಾಯಲ್ಲೇ, "ಹೂಂ ಅನ್ನಮ್ಮ, ಹೂಂ ಅನ್ನು!" ಎಂದರು. ದಂತವೈದ್ಯರು ಇಕ್ಕಳ ಹಿಡಿದುಕೊಂಡೇ ಇಣುಕಿ ನೋಡಿದರು. ಯಾರೂ ಕುಣಿಯಲಿಲ್ಲ ಎಂಬುದನ್ನು ಬಿಟ್ಟರೆ ಹಲ್ಲಣ್ಣ ಮೂಗು ಮುರಿದಿದ್ದ ದೃಶ್ಯದಲ್ಲಿ ಕೊರತೆಯೇನೂ ಇರಲಿಲ್ಲ.

"ಮೊದಲು ಮಷಿನ್ ಆಫ್ ಮಾಡಿ," ಎಂದಳು ಆಕೆ. ಅವನು ಮಾಡಿದ. "ಈಗ ಇನ್ನೊಂದು ಸಲ ಹೇಳಿ. ಕಿರುಚದೆ."

ಅವನು ಹೇಳಿದ. ಎಲ್ಲರ ಮುಂದೆ, ತೊದಲುತ್ತ, ಬಿಡಿಸಿ ಬಿಡಿಸಿ ಹೇಳಿದ.

"ಆಗಲಿ," ಎಂದಳು. "ಮಗಳಿಗೆ ಹಾಗೇ ಹೇಳ್ತೀನಿ."

ಅವರ ಮದುವೆಯಾಯಿತು, ಅಂಗಡಿ ಮುಚ್ಚಲಿಲ್ಲ. ಕೂಟದಲ್ಲಿ ಹಲ್ಲಣ್ಣ ಈಗಲೂ ಹಾಡಿನ ಸಿನಿಮಾಗಳ ಮಾನ ಕಳೆಯುತ್ತಾನೆ; ಹೆಂಡತಿ ಹಿಂದಿನ ಸಾಲಿನಲ್ಲಿ ಕೆಮ್ಮಿದರೆ ಮಾತ್ರ ದನಿ ತಗ್ಗಿಸುತ್ತಾನೆ. ಆದರೆ ಆ ಮಧ್ಯಾಹ್ನ ಫೋನಿಗೆ ಕೈ ಅಡ್ಡ ಇಟ್ಟಾಗ ಆಕೆಗೆ ನಿಜವಾಗಿಯೂ ಏನೂ ಅರ್ಥವಾಗಿರಲಿಲ್ಲವೋ, ಎಲ್ಲ ಅರ್ಥವಾಗಿ ಬೇಕೆಂದೇ ಟೋಪಿಯನ್ನು ಮಷಿನ್ನಿಗೆ ಹಾಕಿದಳೋ, ಗೊತ್ತಿಲ್ಲ. ಆಕೆ ಹೇಳಿಲ್ಲ, ಅವನಿಗೆ ಕೇಳುವ ಧೈರ್ಯವಿಲ್ಲ.