ದೇವರಿಗೆ ಮುಟ್ಟಿಸಿದ ಹಾಡು

ಹಾಡಬೇಕಾದ ಹುಡುಗಿ ಬಟ್ಟೆಯ ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಯಾಕೆ ಎಂಬುದು ಫಕೀರಪ್ಪನಿಗೆ ಇಡೀ ಬೇಸಿಗೆ ಬಗೆಹರಿಯಲಿಲ್ಲ. ಕುರಕುಂಭದ ಕೆಮಿಕಲ್ ಕಾರ್ಖಾನೆಯ ಸ್ಟೋರಿನಲ್ಲಿ ಅವನು ಗುಮಾಸ್ತ. ಮೊದಲ ಶಿಫ್ಟು ಮುಗಿಸಿ ಪುಣೆಯ ಹಡಪಸರದ ಮನೆಗೆ ಬಂದರೆ, ಕಪಾಟಿನ ಸಂದಿಯಿಂದ ಒಂದು ಕರಿಯ ವಯರು ಹೊರಬಂದು ಮಂಚದ ಮೇಲಿನ ಲ್ಯಾಪ್‌ಟಾಪಿಗೆ ಸೇರಿರುತ್ತಿತ್ತು. ಒಳಗೆ ಹೆಂಡತಿ ನಾಗವ್ವನ ಸೀರೆಗಳು, ಸೀರೆಗಳ ನಡುವೆ ಮೈಕು, ಮೈಕಿನ ಮುಂದೆ ಮಗಳು ಶೀತಲ್. ಬರಿ ಕೋಣೆಯಲ್ಲಿ ಹಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ, ಬಟ್ಟೆಗಳಾದರೆ ಹೀರಿಕೊಳ್ಳುತ್ತವೆ ಎಂದು ಅವಳು ಒಮ್ಮೆ ಬಿಡಿಸಿ ಹೇಳಿದ್ದಳು. ಹಾಗೆ ಹೀರಿಕೊಂಡದ್ದು ಸೀರೆ ಉಟ್ಟಾಗ ಹೊರಗೆ ಬಂದೀತೇ ಎಂದು ನಾಗವ್ವ ಕೇಳಿದ್ದಕ್ಕೆ ಮಾತ್ರ ಉತ್ತರ ಸಿಕ್ಕಿರಲಿಲ್ಲ.

ಶೀತಲ್ ವರ್ಷಗಟ್ಟಲೆ ಒಂದು ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸಿದವಳು. ಹಾಡುತ್ತಿದ್ದವನು ಸ್ವಪ್ನಿಲ್, ಹಾಡುಗಳೆಲ್ಲ ಹಿಂದಿ. ಇವಳು ಪಕ್ಕದಲ್ಲಿ ತಲೆ ಬಗ್ಗಿಸಿ ನಿಲ್ಲುವವಳು. ಸ್ವಪ್ನಿಲ್ ಮದುವೆಯಾಗಿ ದುಬೈ ಸೇರಿದ ಮೇಲೆ ಬ್ಯಾಂಡು ಚದುರಿತು. ಈಗಿನದು ಅವಳೊಬ್ಬಳದೇ ಆಲ್ಬಂ. ಗಿಟಾರ್ ಅವಳದು, ಮಾತು ಅವಳದು, ದನಿಯೂ ಅವಳದೇ. ಅದೂ ಮನೆಯಲ್ಲಿ ಆಡುವ ಕನ್ನಡದಲ್ಲಿ. ಎಷ್ಟೋ ಕಡೆ ಕದ ತಟ್ಟಿದ ಮೇಲೆ ಮುಂಬಯಿಯ ಒಂದು ಕಂಪನಿ ಶುಕ್ರವಾರ ಬಿಡುಗಡೆ ಮಾಡುತ್ತೇವೆಂದು ಒಪ್ಪಿತ್ತು. ಒಂದೇ ಷರತ್ತು: ಶುಕ್ರವಾರಕ್ಕಿಂತ ಮೊದಲು ಒಂದು ಹಾಡೂ ಹೊರಗೆ ಹೋಗಕೂಡದು, ಹೋದರೆ ಕೈಬಿಡುತ್ತೇವೆ.

ಅವ್ವ ಅಪ್ಪನಿಗೂ ಅವಳು ಕೇಳಿಸಿರಲಿಲ್ಲ. ಮೊದಲೇ ಕೇಳಿದರೆ ನೀವು ಚೆನ್ನಾಗಿದೆ ಎನ್ನುತ್ತೀರಿ, ನಾನು ನಂಬಿಬಿಡುತ್ತೇನೆ ಎಂಬುದು ಅವಳ ವಾದ. ಫಕೀರಪ್ಪ ಕಪಾಟಿನ ಬಾಗಿಲಿಗೆ ಕಿವಿಯಿಟ್ಟು ನೋಡಿದ್ದುಂಟು. ಸೀರೆಗಳು ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದವು.

ನಾಗವ್ವನದು ಬೇರೆಯದೇ ಚಿಂತೆ. ಆ ಮನೆಯಲ್ಲಿ ಮದುವೆಯ ಮೊದಲ ಕಾರ್ಡು ಹೋಗುವುದು ಮನೆದೇವರು ಮೈಲಾರಲಿಂಗನಿಗೆ. ಮೈಲಾರ ದೂರವಾದ್ದರಿಂದ ಜೇಜುರಿಯ ಖಂಡೋಬನೇ ಮೈಲಾರಲಿಂಗ. ಹೊಸ ಸ್ಕೂಟರಿನ ಕೀಲಿಯೂ ಅಲ್ಲಿಗೆ ಹೋಗಿ ಭಂಡಾರದ ಅರಿಸಿನಪುಡಿ ಬಳಿದುಕೊಂಡು ಬಂದಿತ್ತು. ಆಲ್ಬಮ್ಮು ಮಾತ್ರ ಹಾಗೇ ಲೋಕಕ್ಕೆ ಹೋಗಬಹುದೇ? ಶೀತಲ್ ನಕ್ಕು, ಹಾಡುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿ ಅಪ್ಪನ ವಾರದ ರಜೆಯ ದಿನ ಅವನ ಕೈಗೆ ಕೊಟ್ಟಳು.

"ದೇವರ ಮುಂದ ಇಟ್ಟು ತಗೊಂಡು ಬಾ ಅಪ್ಪಾ. ಯಾರಿಗೂ ಕೇಳಿಸಬ್ಯಾಡ."

ಜೇಜುರಿಯ ಪೂಜಾರಿ ಅದನ್ನು ತಿರುಗಿಸಿ ನೋಡಿ, ಇದು ಯಾವ ಗಾಡಿಯ ಕೀಲಿ ಎಂದು ಮರಾಠಿಯಲ್ಲಿ ಕೇಳಿದ. ಮಗಳ ಹಾಡು ಎಂದು ಫಕೀರಪ್ಪ ಹೇಳಿದ. ಪೂಜಾರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ದೇವರ ಪಾದಕ್ಕೆ ಮುಟ್ಟಿಸಿ, ಭಂಡಾರದಲ್ಲಿ ಹೊರಳಿಸಿ ಕೊಟ್ಟ.

ಮೆಟ್ಟಿಲಿಳಿದು ಬರುವಾಗ ಕನ್ನಡ ಕಿವಿಗೆ ಬಿತ್ತು. ಬ್ಯಾಡಗಿ ಕಡೆಯ ಭಕ್ತರು, ಒಂದು ಕ್ರೂಸರ್ ಗಾಡಿ ತುಂಬ. ಡ್ರೈವರ್ ಹಣಮಂತ್ರಾಯ ತಾವೂ ಪುಣೆಗೇ ಹೊರಟಿದ್ದೇವೆ ಎಂದು ಕರೆದು ಮುಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟ. ಸಾಸವಡ ದಾಟುವಷ್ಟರಲ್ಲಿ ಊರು, ಬಳಗ, ಮಗಳು, ಆಲ್ಬಂ ಎಲ್ಲ ಮಾತಿಗೆ ಬಂದವು. ಹಿಂದಿನ ಸೀಟಿನಿಂದ ಶಿವಗಂಗವ್ವ ಎಂಬ ಮುದುಕಿ, ಹಾಗಾದರೆ ಹಚ್ಚು ಕೇಳೋಣ ಎಂದಳು. ಹಚ್ಚುವಂತಿಲ್ಲ ಎಂದ ಇವನು. ಅವಳು ಮುಂದಕ್ಕೆ ಬಗ್ಗಿ, ಅವನ ಅಂಗೈಯಲ್ಲಿ ಹಳದಿಯಾಗಿ ಕೂತಿದ್ದ ಪೆನ್‌ಡ್ರೈವನ್ನೇ ನೋಡಿದಳು.

"ದೇವರಿಗೆ ಮುಟ್ಟಿಸಿದ್ದು ಪ್ರಸಾದ ಆತಲ್ರೀ ಯಪ್ಪಾ. ಪ್ರಸಾದ ಒಬ್ರೇ ಗಂಟು ಕಟಗೊಂಡು ಹೋಗ್ತಾರೇನು?"

ಕೇಳಿದವರಿಗೆ ಪ್ರಸಾದ ಇಲ್ಲವೆಂದವನಲ್ಲ ಫಕೀರಪ್ಪ. ಮಗಳು ಹೇಳಿದ್ದು ದೇವರಿಗಿಂತ ಮೊದಲು ಯಾರೂ ಕೇಳಬಾರದು ಎಂದಿರಬೇಕು. ದೇವರದು ಈಗ ಆಯಿತಲ್ಲ. ನಿಜ ಹೇಳಬೇಕೆಂದರೆ ಬೇಸಿಗೆಯುದ್ದಕ್ಕೂ ಬಾಗಿಲಿಗೆ ಇಟ್ಟಿದ್ದ ಕಿವಿ ಅವನದೇ. ಒಂದೇ ಹಾಡು ಎಂದು ಹೇಳಿ ಹಣಮಂತ್ರಾಯನ ಕೈಗೆ ಕೊಟ್ಟ.

ಮೊದಲು ಉಸಿರು ಮಾತ್ರ ಕೇಳಿಸಿತು. ಆಮೇಲೆ ಮಗಳ ದನಿ. ಅವನು ಎಣಿಸಿದ್ದಕ್ಕಿಂತ ದಪ್ಪ ದನಿ, ಸ್ವಲ್ಪ ಒರಟು. ನಸುಕಿನಲ್ಲಿ ಡಬ್ಬಿ ಹಿಡಿದು ಕಂಪನಿ ಬಸ್ಸಿಗೆ ಕಾಯುವ ಒಬ್ಬನ ಹಾಡು. ಅವನು ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯುತ್ತಾನೆ, ಮೂಸಿ ನೋಡುತ್ತಾನೆ, ಮತ್ತೆ ತೊಳೆಯುತ್ತಾನೆ. ಅಷ್ಟರಲ್ಲಿ ಡ್ರಮ್ಮು ಗುಡುಗಿತು. ದಿವೆ ಘಾಟಿನ ತಿರುವಿನಲ್ಲಿ ಕ್ರೂಸರು ಇಡೀ ನಡುಗಿತು. ಅವರ ಊರಿನ ಡೊಳ್ಳಿಗೆ ಕುಣಿಯುವ ಹಾಗೆಯೇ ಹಿಂದಿನವರು ಭುಜ ಕುಣಿಸತೊಡಗಿದರು. ನಡುವೆ ಒಂದೆಡೆ ಎಲ್ಲವೂ ತಟ್ಟನೆ ನಿಂತಿತು. ಹಾಡು ಮುಗಿಯಿತೆಂದುಕೊಂಡು ಗಾಡಿ ತುಂಬ ಜನ ಒಂದೇ ಕೊರಳಿನಲ್ಲಿ 'ಏಳುಕೋಟಿ ಏಳುಕೋಟಿಗೋ' ಎಂದು ಮೈಲಾರಲಿಂಗನಿಗೆ ಜಯಕಾರ ಹಾಕಿದರು. ಯಾರೋ ಕರೆದಂತೆ ಗಿಟಾರು ತಿರುಗಿ ಬಂತು.

ಘಾಟು ಇಳಿದು ಚಹಾಕ್ಕೆ ನಿಂತಲ್ಲಿ ಅದೇ ಹಾಡು ಮತ್ತೊಮ್ಮೆ ಆಯಿತು, ಅದೇ ಜಾಗದಲ್ಲಿ ಏಳುಕೋಟಿಯೂ ಆಯಿತು. ಭಂಡಾರ ಹಾರಿತು. ಶಿವಗಂಗವ್ವ ಫಕೀರಪ್ಪನ ಕೈ ಹಿಡಿದು ಕುಣಿತಕ್ಕೆ ಎಳೆದಳು. ಯಾರದೋ ಮೊಬೈಲು ಮೇಲೆದ್ದದ್ದನ್ನು ಅವನು ನೋಡಿದ. ಗುಡಿಗೆ ಬಂದವರು ಫೋಟೋ ತೆಗೆಯುವುದು ಇದ್ದದ್ದೇ ಎಂದು ಸುಮ್ಮನಾದ.

ಅವನಿಗಿಂತ ಮೊದಲು ವಿಡಿಯೋ ಮನೆ ಮುಟ್ಟಿತ್ತು. ಬ್ಯಾಡಗಿಯ ಯಾರದೋ ಸ್ಟೇಟಸ್ಸಿನಿಂದ ರಾಣೆಬೆನ್ನೂರಿನ ನಾಗವ್ವನ ತಂಗಿಗೆ, ತಂಗಿಯಿಂದ ನಾಗವ್ವನಿಗೆ: ನಿಮ್ಮ ಯಜಮಾನರು ಕುಣಿಯೋದು ನೋಡಕ್ಕಾ. ನಾಗವ್ವ ನಗುತ್ತ ಮಗಳಿಗೆ ತೋರಿಸಿದ್ದಳು. ಆಮೇಲೆ ಮಗಳ ಮುಖ ನೋಡಿ ನಗು ನಿಲ್ಲಿಸಿದ್ದಳು. ಸಂಜೆಯೊಳಗೆ ಅದು ಎಲ್ಲೆಲ್ಲೋ ಸುತ್ತಿ ಮುಂಬಯಿಗೂ ಹೋಯಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ಬಂದ ಫಕೀರಪ್ಪ ಚಪ್ಪಲಿ ಬಿಡುವಾಗ ಶೀತಲ್ ಕಂಪನಿಯ ನೀತಾ ಜೊತೆ ಫೋನಿನಲ್ಲಿದ್ದಳು. ಅವಳು ಬರೀ 'ಹಾಂ' ಎನ್ನುತ್ತಿದ್ದುದರಿಂದಲೇ ಅವನಿಗೆ ಅರ್ಧ ತಿಳಿಯಿತು. ಉಳಿದರ್ಧ ಫೋನಿಟ್ಟ ಮೇಲೆ ಅವಳೇ ಹೇಳಿದಳು. ಹೊರಗೆ ಹೋದ ಹಾಡನ್ನು ಆಲ್ಬಮ್ಮಿನಿಂದ ತೆಗೆದರೆ ಶುಕ್ರವಾರ ಬಿಡುಗಡೆ, ತೆಗೆಯದಿದ್ದರೆ ಇಲ್ಲ. ನಾಳೆಯೊಳಗೆ ಹೇಳಬೇಕು.

"ನಂದ ತಪ್ಪಾತವ್ವಾ," ಎಂದ ಫಕೀರಪ್ಪ. ಹಣೆಯ ಭಂಡಾರ ಇನ್ನೂ ಹಾಗೇ ಇತ್ತು.

ಅವಳು ಲ್ಯಾಪ್‌ಟಾಪು ತೆರೆದು ಅದೇ ಹಾಡು ಹಚ್ಚಿದಳು. "ಅವರು ಏಳುಕೋಟಿ ಅಂದದ್ದು ಎಲ್ಲಿ? ನಿಂದ್ರಸು ಅಂತ ಹೇಳು."

ಅವನು ನಿಂತೇ ಕೇಳಿದ, ಸುಮ್ಮನಾಗುವ ಜಾಗ ಬಂದಾಗ ಕೈ ಎತ್ತಿದ.

"ಇಲ್ಲಿ ಯಾರೂ ಉಸಿರು ಬಿಡಬಾರದು ಅಂತ ಇಟ್ಟಿದ್ದೆ."

"ಬಾಯಿ ಸುಮ್ಕ ಕುಂದರಲಿಲ್ಲ ನೋಡು. ತಾನಾಗೇ ಬಂತು."

ಅವಳಿಗೆ ಇನ್ನೂ ಬೇಕಿತ್ತು. ಭುಜ ಮೊದಲು ಕುಣಿಸಿದವರಾರು, ಮುದುಕಿ ಯಾವಾಗ ಎದ್ದಳು, ಕೈ ತೊಳೆಯುವ ಸಾಲಿಗೆ ಯಾರಾದರೂ ಏನಾದರೂ ಅಂದರೇ? ಯಾರೂ ಏನೂ ಅನ್ನಲಿಲ್ಲ, ಡ್ರೈವರ್ ಮಾತ್ರ ನೀವು ಕೆಲಸ ಮಾಡುವ ಕಾರ್ಖಾನೆ ಯಾವುದು ಎಂದು ಕೇಳಿದ ಎಂದು ಫಕೀರಪ್ಪ ಹೇಳಿದ. ಮುಂಬಯಿಯ ಕಂಪನಿಯವರನ್ನು ಬಿಟ್ಟರೆ ಇಷ್ಟು ದಿನ ಆ ಹಾಡು ಕೇಳಿದ್ದು ಸೀರೆಗಳು ಮಾತ್ರ; ಈಗ ಜನರು ಕೇಳಿದ್ದರು, ಮತ್ತು ಅದನ್ನು ಕಂಡು ಬಂದವನು ಅವನೊಬ್ಬನೇ.

ಮರುದಿನ ಅವಳು ನೀತಾಗೆ ಫೋನು ಮಾಡಿ, ಆ ಹಾಡು ತೆಗೆದರೆ ಉಳಿದವು ಯಾರ ಹಾಡುಗಳೋ ಆಗುತ್ತವೆ ಎಂದಳು. ಕಂಪನಿ ನಯವಾಗಿಯೇ ಕೈಬಿಟ್ಟಿತು. ಶುಕ್ರವಾರ ಅಡಿಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪಿಟ್ಟು ಅವಳೇ ಆಲ್ಬಂ ಬಿಡುಗಡೆ ಮಾಡಿದಳು. ಪೋಸ್ಟರಿಲ್ಲ, ಕಾರ್ಯಕ್ರಮವಿಲ್ಲ. ಬ್ಯಾಡಗಿಯವರು ಕೇಳಿದರು, ರಾಣೆಬೆನ್ನೂರು ಕೇಳಿತು, ಹಳೆಯ ಬ್ಯಾಂಡಿನ ಕೆಲವರು ಕೇಳಿದರು. ಮುಂಬಯಿಯವರು ಕೈ ಹಿಡಿದಿದ್ದರೆ ಎಷ್ಟು ಜನ ಕೇಳುತ್ತಿದ್ದರೆಂಬುದು ಯಾರಿಗೂ ತಿಳಿಯುವಂತಿರಲಿಲ್ಲ.

ಶಿಫ್ಟು ಮುಗಿಸಿ ಬಂದ ಫಕೀರಪ್ಪ ಮಗಳ ಪಕ್ಕ ಕೂತ.

"ಸಿಟ್ಟು ಇಲ್ಲೇನು ನನ್ಮ್ಯಾಲೆ?"

"ಅದ. ಎಲ್ಲಾ ಕೇಳಿ ಮುಗಸು, ಆಮ್ಯಾಲೆ ಬೈತೀನಿ."

ಮೂರನೆಯ ಹಾಡಿನ ನಡುವೆ ಅವನು ಕೈ ಎತ್ತಿದ. ಅವಳು ನಿಲ್ಲಿಸಿದಳು. ಇಲ್ಲಿ ಡ್ರಮ್ಮು ಬರುತ್ತದೆ ಬರುತ್ತದೆ ಎಂದು ಕಾದೆ, ಬರಲೇ ಇಲ್ಲ, ಯಾಕೆ ಎಂದು ಅವನು ಕೇಳಿದ. ಅವಳು ಅಪ್ಪನನ್ನು ಒಂದು ಕ್ಷಣ ನೋಡಿ, ಮಂಡಿ ಮಡಿಸಿ ಅವನ ಕಡೆ ತಿರುಗಿ ಕೂತು, ಹೇಳತೊಡಗಿದಳು.