ಗಿರಣಿ ನಿಂತ ಹೊತ್ತು

ಹಿಟ್ಟಿನ ಗಿರಣಿಯ ಮನೆಯವರಿಗೆ ಬಾಯಿಗಿಂತ ಕೈ ಜಾಸ್ತಿ ಮಾತಾಡುತ್ತದೆ. ಬೆಲ್ಟು ಓಡುವಾಗ ಕಿರುಚಿದರೂ ಪಕ್ಕದವರಿಗೆ ಕೇಳಬೇಕಲ್ಲ! ಮುಷ್ಟಿ ಎತ್ತಿದರೆ ‘ನಿಲ್ಲಿಸು’, ಬೆರಳು ತಿಕ್ಕಿದರೆ ‘ಇನ್ನೂ ನುಣ್ಣಗೆ’, ಹೆಬ್ಬೆರಳು ತುಟಿಗೆ ಹೋದರೆ ‘ನೀರು’. ತಕ್ಕಡಿಯ ಪಕ್ಕ ಕೂರುವ ಅಜ್ಜಿಗೆ ಈ ಸನ್ನೆಗಳೆಲ್ಲ ಕರತಲಾಮಲಕ.

ಅವಳ ಮೊಮ್ಮಗನಿಗೆ ಎರಡೂವರೆ ವರ್ಷ. ಸದಾ ಮೈಗೆಲ್ಲ ಹಿಟ್ಟು ಬಳಿದುಕೊಂಡಿರುವ ಅವನಿಗೆ ಬೀದಿಯವರು ಹಿಟ್ಟುಗುಂಡ ಎಂದು ಹೆಸರಿಟ್ಟಿದ್ದರು. ಬಲು ಚುರುಕು, ಆದರೆ ಬಾಯಿಂದ ಒಂದು ಮಾತಿಲ್ಲ. ಅವನ ಹೆಬ್ಬೆರಳು ತುಟಿ ಮುಟ್ಟುವ ಮೊದಲೇ ಅಜ್ಜಿ ಲೋಟ ಹಿಡಿದಿರುತ್ತಿದ್ದಳು. ಸೊಸೆ ಮಾತ್ರ ಸ್ನಾನ ಮಾಡಿಸುವಾಗ, “ಒಂದ್ಸಲ ಅಮ್ಮ ಅನ್ನೋ ನನ್ನಪ್ಪಾ” ಎಂದು ಅಂಗಲಾಚುತ್ತಿದ್ದಳು. ಆಮೇಲೆ ಕಣ್ಣಿಗೆ ಸೋಪು ಬಿತ್ತು ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ನರ್ಸು ಗೋಧಿ ಬೀಸಿಸಲು ಬಂದಳು. ಮಗುವನ್ನು ಮಾತಾಡಿಸಿ, ಅವನು ಕೈಯಲ್ಲೇ ಉತ್ತರ ಕೊಟ್ಟದ್ದನ್ನು ನೋಡಿದಳು.

“ಅಜ್ಜಿ, ಇವನ ಕಿವಿ ಪರೀಕ್ಷೆ ಮಾಡಿಸಿದೀರಾ?”

“ಕಿವಿಗೇನಾಗಿದ್ಯೇ? ಇವರಪ್ಪನೂ ತಡವಾಗೇ ಮಾತು ಕಲಿತಿದ್ದು. ಈಗ ನೋಡು, ಗಿರಾಕಿಗಳಿಗೆ ಬಾಯಿ ತೆಗೆಯೋಕೇ ಬಿಡಲ್ಲ! ಆಸ್ಪತ್ರೆಗೆ ಹೋದ್ರೆ ಜನ ಮೂಗ ಅಂತಾರೆ, ಬೇಡ.”

ನರ್ಸಾದರೇನು, ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ಅಜ್ಜಿ ಕಂಡ ಹುಡುಗಿಯಲ್ಲವೇ? ಹಿತ್ತಲ ಗಿಡ ಮದ್ದಲ್ಲ. ಆದರೂ ನರ್ಸು ಬಿಡಲಿಲ್ಲ.

“ತಡವಾಗಿ ಕಲಿಯೋರು ಇದ್ದಾರೆ ಅಜ್ಜಿ. ಇವನೂ ಹಾಗೇನಾ ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ತೋರಿಸಿದ್ರೆ ಗೊತ್ತಾಗುತ್ತೆ. ಕಾಯ್ತಾ ಕೂತ್ರೆ ಕಲಿಯೋ ಹೊತ್ತು ಕೈ ಜಾರುತ್ತೆ.”

ಅಜ್ಜಿ ಸೊಸೆಯ ಕಡೆ ತಿರುಗಿದಳು. ಚೀಲದ ಬಾಯಿ ಕಟ್ಟುತ್ತಿದ್ದ ಸೊಸೆಯ ಕೈ ಅದೇ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿತ್ತು. ಜೀವನವೆಲ್ಲ ಕೈ ನೋಡಿಯೇ ಮಾತು ತಿಳಿದವಳಿಗೆ ಇದು ತಿಳಿಯದೇ?

“ನಾಳೆ ಗಿರಣಿಗೆ ರಜೆ,” ಎಂದಳು.

ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಕಿವಿ ಚೆನ್ನಾಗಿತ್ತು. ಮಾತಿನ ತರಬೇತಿ ಕೊಡುವ ತಜ್ಞೆ ನೆಲದ ಮೇಲೆ ಕೂತು ಮಗುವಿನ ಜೊತೆ ಆಡಿದಳು. ಅಜ್ಜಿ ಅಳುಕುತ್ತಲೇ ಕೇಳಿದಳು: “ನಮ್ಮ ಸನ್ನೆಯಿಂದಲೇ ಹೀಗಾಯ್ತಾ?”

“ಯಾರ ತಪ್ಪೂ ಅಲ್ಲಮ್ಮ. ಸನ್ನೆ ಬಿಡಿಸಬೇಡಿ, ಅದರ ಜೊತೆ ಮಾತು ಸೇರಿಸಿ. ‘ನೀರು’ ಅಂತ ಹೇಳಿ, ಮುಖ ನೋಡ್ತಾ ಸ್ವಲ್ಪ ಕಾಯಿರಿ. ಹೇಳಲಿ ಬಿಡಲಿ, ನೀರು ಕೊಟ್ಟುಬಿಡಿ. ಹೇಳು ಹೇಳು ಅಂತ ಪೀಡಿಸಬೇಡಿ. ಗಿರಣಿ ಸದ್ದಿನಿಂದ ದೂರ ಇಡಿ. ಸುಮ್ಮನಿರಿಸೋಕೆ ಮೊಬೈಲ್ ಕೊಡಬೇಡಿ. ವಾರಕ್ಕೊಮ್ಮೆ ಕರ್ಕೊಂಡು ಬನ್ನಿ.”

ಆಮೇಲೆ ಅಜ್ಜಿಯ ಸಾಹಸ ನೋಡಬೇಕಿತ್ತು! ತಕ್ಕಡಿ ಬಿಟ್ಟು ಮೊಮ್ಮಗನೊಡನೆ ಮನೆಯೊಳಗೆ ಕೂತಳು. ಕೈಯಲ್ಲೇ ಸಂಸಾರ ನಡೆಸಿದವಳು ಈಗ ಗಂಟಲು ಒಣಗುವಷ್ಟು ಮಾತಾಡಿದಳು. “ಇದು ಕಲ್ಲು, ಎಸಿ. ಇದು ಕಾಳು, ಹಾಕು.” ಗಿರಣಿ ನಡೆಸುವ ಮಗ, ಗಿರಾಕಿಗಳು ಗೊಣಗಿದರೂ ಮಧ್ಯಾಹ್ನ ಗಿರಣಿ ನಿಲ್ಲಿಸಿ ಮನೆಯವರೊಡನೆ ಊಟಕ್ಕೆ ಕೂತ. ಅಜ್ಜಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದು. ಲೋಟ ಹಿಡಿದ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಅದನ್ನು ಒಂದು ಉಸಿರಿನಷ್ಟು ಹೊತ್ತು ತಡೆಯುತ್ತಿದ್ದಳು. ತಿಂಗಳುಗಳು ಉರುಳಿದವು. ಮೊದಲು ಬಂದದ್ದು ಬರೀ “ನೀ”. ಅಜ್ಜಿ ಅದಕ್ಕೇ ಬೀದಿಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದಳು. ಅಂಥವಳ ತಾಳ್ಮೆಗೆ ಕೈಮುಗಿಯಬೇಕು.

ಒಂದು ಮಧ್ಯಾಹ್ನ ಗಿರಣಿ ನಿಂತಿತ್ತು. ದಣಿದ ಸೊಸೆ ಗೋಡೆಗೊರಗಿ ಕೂತು, ಅಭ್ಯಾಸದಂತೆ ಹೆಬ್ಬೆರಳನ್ನು ತುಟಿಗಿಟ್ಟಳು. ಅಜ್ಜಿ ಏಳುವಷ್ಟರಲ್ಲಿ ಹಿಟ್ಟುಗುಂಡ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಚೆಲ್ಲಿಕೊಂಡು ಬಂದ.

“ಅಮ್ಮ, ನೀಯು.”

ಸೊಸೆಯ ಕಣ್ಣು ತುಂಬಿತು. ಈ ಸಲ ಅವಳು ಸೋಪಿನ ನೆಪ ಹೇಳಲಿಲ್ಲ.

“ಗಿರಣಿ ಶುರು ಮಾಡ್ರಪ್ಪಾ!” ಎಂದು ಹೊರಗೆ ಗಿರಾಕಿ ಕೂಗಿದ. ಅಜ್ಜಿ ಬಾಗಿಲಿಗೆ ಹೋಗಿ ಮುಷ್ಟಿ ಎತ್ತಿದಳು.

ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ! ಮಗು ಕರೆದರೆ ತಿರುಗುವುದಿಲ್ಲವೇ? ಒಂದೂವರೆ ವರ್ಷಕ್ಕೂ ಒಂದು ಪದ ಬಂದಿಲ್ಲವೇ? ಎರಡು ವರ್ಷಕ್ಕೂ ಎರಡು ಪದ ಸೇರಿಸುತ್ತಿಲ್ಲವೇ? ಬಂದ ಮಾತು ನಿಂತುಹೋಯಿತೇ? ನಾಚಬೇಡಿ, ಕಾಯಬೇಡಿ, ಮೊದಲು ಕಿವಿ ತೋರಿಸಿ. ಕೆಲವು ಮಕ್ಕಳಿಗೆ ಬೇಗ ಮಾತು ಬರುತ್ತದೆ, ಕೆಲವರಿಗೆ ಬಹುಕಾಲ ನೆರವು ಬೇಕಾಗುತ್ತದೆ. ಏನೇ ಇರಲಿ, ನಿಮ್ಮ ಮನೆಯ ಗಿರಣಿಯನ್ನೂ ದಿನಕ್ಕೆ ಒಂದಿಷ್ಟು ಹೊತ್ತು ನಿಲ್ಲಿಸಿ, ಮಗುವಿನ ಎದುರು ಕೂತು ಮಾತಾಡಿ.