ಮಸ್ತಾನ್ ಬೀ ಬಿಚ್ಚದ ಹೊಲಿಗೆ

ಓರೆಯಾದದ್ದು ಯಾವುದೂ ಮಸ್ತಾನ್ ಬೀಯವರ ಕಣ್ಣಿಗೆ ಸಹ್ಯವಾಗುತ್ತಿರಲಿಲ್ಲ. ಅದೇ ಬೀದಿಯ ನಮ್ಮ ಮನೆಗೆ ಬಂದರೆ, ಕೂರುವುದಕ್ಕೆ ಮೊದಲು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ನನ್ನ ಸೀರೆಯ ಫಾಲ್ ಹೊಲಿಗೆಯನ್ನು ಬಗ್ಗಿ ನೋಡಿ, "ಯಾರ್ ಹೊಲ್ದಿದ್ದು ಇದು? ಬಿಚ್ಚು, ಬಿಚ್ಚು" ಎಂದ ಮೇಲೆಯೇ ಅವರಿಗೆ ಸಮಾಧಾನ. ಎದುರಿಗಿದ್ದವರ ಮುಖ ನೋಡಿ ಮಾತಾಡಿದವರೇ ಅಲ್ಲ. ದೃಷ್ಟಿಯೆಲ್ಲ ಹೊಲಿಗೆಯ ಮೇಲೆ. ತಮಾಷೆಯೆಂದರೆ, ಲೋಕವೆಲ್ಲ ನೆಟ್ಟಗಿರಬೇಕೆನ್ನುವ ಈ ಹೆಂಗಸು, ಜೀವಮಾನವಿಡೀ ಒಂದು ಕಾಲು ಮಡಚಿ ಕೂತು ಹೊಲಿದದ್ದರ ಫಲವಾಗಿ, ಸ್ವತಃ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದರು. ಬಿಸಿಲಿರಲಿ ಚಳಿಯಿರಲಿ, ಸೀರೆಯ ಮೇಲೊಂದು ಬೂದುಬಣ್ಣದ ಕೋಟು, ಟೈಲರಾಗಿದ್ದ ದಿವಂಗತ ಗಂಡನದು. ಅದರ ಜೇಬುಗಳ ತುಂಬ ಗುಬ್ಬಿ ಪೇಟೆಯ ಟೈಲರ್ ಅಂಗಡಿಗಳಿಂದ ಆರಿಸಿ ತಂದ ಬಟ್ಟೆಯ ಚೂರುಗಳು. ಆ ಕೋಟನ್ನು ಕಂಡು ಸಂತೆಯಲ್ಲಿ ಯಾರೂ ನಗುತ್ತಿರಲಿಲ್ಲ. ನಗುವ ಧೈರ್ಯ ಯಾರಿಗೂ ಇರಲಿಲ್ಲ ಎನ್ನುವುದೇ ಸರಿ.

ಆ ಚೂರುಗಳಿಂದ ಅವರು ಕೌದಿ ಹೊಲಿಯುತ್ತಿದ್ದರು. ಚೌಕವಲ್ಲ, ಪಟ್ಟಿಯಲ್ಲ, ಬರೀ ತ್ರಿಕೋನ. ಸೀಮೆಸುಣ್ಣದ ಗೆರೆಯಿಲ್ಲ, ಅಳತೆಯ ಟೇಪಿಲ್ಲ. ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿ, ಉಗುರಿನಿಂದ ಗೀರಿ, ಕತ್ತರಿ ಓಡಿಸಿದರೆ ಮುಗಿಯಿತು. ತ್ರಿಕೋನದ ಆ ಉದ್ದನೆಯ ಓರೆ ಅಂಚಿಗೆ ಒಂದು ದುರ್ಗುಣವಿದೆ: ಕೈ ಕೊಂಚ ಎಳೆದರೂ ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ, ಕೌದಿ ನೆಲಕ್ಕೆ ಸಮನಾಗಿ ಮಲಗುವುದಿಲ್ಲ. ಕಾಲೇಜಿಗೆ ರಜೆಯಿದ್ದಾಗ ನಾನೂ ಅವರ ಪಕ್ಕದಲ್ಲಿ ಕೂತು ಹೊಲಿದವಳೇ. "ಎಳೀಬ್ಯಾಡ ಕಣಮ್ಮ, ಅದ್ರ ಪಾಡಿಗ್ ಬುಡು" ಎನ್ನುತ್ತ, ಮಧ್ಯಾಹ್ನವೆಲ್ಲ ನಾನು ಹೊಲಿದದ್ದನ್ನು ಅರ್ಧ ಬ್ಲೇಡಿನಿಂದ ಸರಸರನೆ ಬಿಚ್ಚಿಹಾಕುತ್ತಿದ್ದರು. ನನ್ನ ತಾಯಿ ಕೌಸಲ್ಯಮ್ಮನವರಂತೂ "ಈ ಮಹಾತಾಯಿಯ ಸಹವಾಸವೇ ಬೇಡ" ಎಂದು ಸೂಜಿ ಹಿಡಿಯುವುದನ್ನೇ ಬಿಟ್ಟರು.

ಅವರ ಒಬ್ಬಳೇ ಮಗಳು ಜೈಬಾಳನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಅವಳ ಮೊದಲ ಬಸಿರಿನಲ್ಲಿ, ಸಡಗರ ತಡೆಯಲಾರದೆ, ಏಳು ತುಂಬುವ ಮೊದಲೇ ಮಸ್ತಾನ್ ಬೀ ಕೌದಿ ಹೊಲಿದು ಮಡಿಸಿಟ್ಟಿದ್ದರು, ಕೂಸು ಉಳಿಯಲಿಲ್ಲ. ಎರಡನೆಯದೂ ನಿಲ್ಲಲಿಲ್ಲ. ತೊಂಬತ್ತೆಂಟರಲ್ಲಿ ಮೂರನೆಯ ಬಸಿರಿಗೆ ಮಗಳು ತವರಿಗೆ ಬಂದಾಗ ಅವರೊಂದು ಕಟ್ಟಳೆ ಮಾಡಿದರು. ಬೀದಿಯ ಮನೆಮನೆಯಿಂದ ಹಳೆಬಟ್ಟೆ ಬೇಡಿ ತರುವುದು, ಬೇಡಿ ತಂದ ಬಟ್ಟೆ ಹೊದ್ದ ಕೂಸು ಬದುಕುತ್ತದೆಂಬುದು ಅವರಲ್ಲೂ ನಮ್ಮಲ್ಲೂ ಇದ್ದ ನಂಬಿಕೆ. ತಂದದ್ದನ್ನು ತ್ರಿಕೋನಗಳಾಗಿ ಕತ್ತರಿಸಿಡುವುದು. ಆದರೆ ಮಗು ಅತ್ತದ್ದು ಕಿವಿಗೆ ಬೀಳುವ ತನಕ ಒಂದಕ್ಕೊಂದು ಜೋಡಿಸಕೂಡದು. ನನ್ನ ತಾಯಿಯ ಹಸಿರು ರವಿಕೆಯೂ ಸೇರಿದಂತೆ ಆ ಚೂರುಗಳೆಲ್ಲ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಜೈಬಾಳ ಮಂಚದ ಕೆಳಗೆ ಕೂತವು.

ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ನಾನು ಅವರ ಮನೆಗೆ ಹೋಗಿದ್ದೆ. ಜೈಬಾ ಗೋಡೆಗೊರಗಿ ಕೂತಿದ್ದಳು. ಮಸ್ತಾನ್ ಬೀಯವರ ತೊಡೆಯ ಮೇಲೆ, ಜೋಡಿಸಿದ ತ್ರಿಕೋನಗಳದೊಂದು ತುಂಡು. ತಾಯಿ ಪೇಟೆಗೆ ಹೋದಾಗಲೆಲ್ಲ ಮಗಳು ಕದ್ದು ಹೊಲಿದಿದ್ದಳು. ಹೊಲಿಗೆಯೋ, ಅಯ್ಯೋ ದೇವರೇ, ಓರೆ ಅಂಚನ್ನೆಲ್ಲ ಎಳೆದೂ ಎಳೆದೂ ನಡುವೆ ಪೂರಿಯ ಹಾಗೆ ಉಬ್ಬಿ ಕೂತಿತ್ತು.

"ಬ್ಯಾಡ ಅಂದಿದ್ನಲ್ಲೇ, ಯಾಕ್ ಹಿಂಗ್ ಮಾಡ್ದೆ?" ಎಂದರು ಮಸ್ತಾನ್ ಬೀ.

"ಎಲ್ರೂ ಇದೂ ಉಳಿಯಲ್ಲ ಅಂತಾನೇ ಕಾಯ್ತಿದೀರಮ್ಮ," ಎಂದಳು ಜೈಬಾ. "ಬರುತ್ತೆ ಅಂತ ಒಬ್ರಾದ್ರೂ ಕಾಯ್ಬಾರ್ದಾ? ಅದಕ್ಕೇ ನಾನೇ ಹೊಲಿದೆ."

ತಾಯಿ ಕೋಟಿನ ಜೇಬಿನಿಂದ ಅರ್ಧ ಬ್ಲೇಡು ತೆಗೆದರು. ಅವರ ಭಯವೂ ಬಿಚ್ಚೆನ್ನುತ್ತಿತ್ತು, ಕಸುಬೂ ಬಿಚ್ಚೆನ್ನುತ್ತಿತ್ತು. ಯಾರ ಓರೆ ಹೊಲಿಗೆಯನ್ನೂ ಬಿಚ್ಚದೆ ಬಿಟ್ಟ ಕೈಯಲ್ಲ ಅದು. ನನಗಂತೂ ಅವರ ಮೇಲೆ ಸಿಟ್ಟು ಉಕ್ಕಿ ಬಂತು, ಈ ಹುಡುಗಿಯದನ್ನಾದರೂ ಬಿಡಬಾರದೇ ಎಂದು. ಬ್ಲೇಡನ್ನು ದಾರಕ್ಕೆ ತಾಗಿಸಿದರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಬಟ್ಟೆಯಿಂದ ಕಣ್ಣೆತ್ತಿ ಮಗಳ ಮುಖ ನೋಡಿದರು. ಬ್ಲೇಡು ಮತ್ತೆ ಜೇಬಿಗಿಳಿಯಿತು.

"ಇರ್ಲಿ ಬುಡು," ಎಂದರು. "ಆ ಡಬ್ಬಿ ಈ ಕಡೆ ತಳ್ಳೇ." ನಂತರ ನನ್ನತ್ತ ಸೂಜಿ ಚಾಚಿ, "ದಾರ ಪೋಣಿಸ್ಕೊಡಮ್ಮ, ಕಣ್ ಮಂಜಾಗ್ತವೆ." ಅದುವರೆಗೆ ದಾರ ಪೋಣಿಸಲು ಯಾರ ಹತ್ತಿರವೂ ಕೇಳಿದವರಲ್ಲ.

ಆ ಉಬ್ಬನ್ನು ನಡುವಿಗಿಟ್ಟು ಸುತ್ತಲೂ ಅವರ ನೆಟ್ಟನೆಯ ತ್ರಿಕೋನಗಳು ಬೆಳೆದವು. ಕೌದಿಗೆ ಕಡೆಯ ಅಂಚು ಕಟ್ಟಿದ ಮೇಲೆ ತುಮಕೂರಿನ ಆಸ್ಪತ್ರೆಯಲ್ಲಿ ಶಾಹೀನ್ ಹುಟ್ಟಿದಳು. ವಾರ್ಡಿಗೆ ವಾರ್ಡೇ ಬೈದುಕೊಳ್ಳುವಂತೆ ಅತ್ತಳು.

ಮಸ್ತಾನ್ ಬೀ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಕುಣಿಗಲ್ಲಿಗೆ ಹೋಗಿದ್ದೆ. ಶಾಲೆಯಿಂದ ಬಂದ ಶಾಹೀನ್ ಅದೇ ಕೌದಿಯ ಮೇಲೆ, ಆ ಉಬ್ಬಿಗೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. "ಎಷ್ಟ್ ಒಗೆದ್ರೂ ಆ ಉಬ್ಬು ಹೋಗಲ್ಲ ನೋಡಿ ಅಕ್ಕ," ಎಂದಳು ಜೈಬಾ. "ಅಮ್ಮ ಬಂದಾಗೆಲ್ಲ ಅದನ್ನ ಸವರೋರು. ಬಿಚ್ಚು ಅಂತ ಒಂದಿನಾನೂ ಅನ್ಲಿಲ್ಲ."

ನಿಷ್ಠುರರೆಂದು ನಾವು ದೂರವಿಡುವ ಜನ ಲೋಕದ ಓರೆಯನ್ನೆಲ್ಲ ತಿದ್ದುತ್ತ, ಬೈಸಿಕೊಳ್ಳುತ್ತ ಬಾಳಿಹೋಗುತ್ತಾರೆ. ಕಂಡದ್ದಕ್ಕೆಲ್ಲ 'ಇರಲಿ ಬಿಡು' ಎನ್ನುವ ನಮ್ಮಂಥ ಸಡಿಲ ಜನರ 'ಇರಲಿ'ಗೆ ಏನು ತೂಕ? ಆ ನಿಷ್ಠುರರು ಜನ್ಮಕ್ಕೊಮ್ಮೆ 'ಇರಲಿ' ಎಂದರೆ, ಅದರ ಮೇಲೆ ಒಂದು ಕೂಸು ನಿಶ್ಚಿಂತೆಯಿಂದ ಮಲಗಬಹುದು.